ನಮ್ಮ ಪಾರ್ಕಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಹತ್ತಾಯಿತೆಂದರೆ ಬೀಗ ಬೀಳುತ್ತದೆ. ಮಕ್ಕಳ ಜಾರುಬಂಡಿ ಮುರಿದಿದೆ, ಅರ್ಧ ದೀಪ ಉರಿಯುವುದಿಲ್ಲ. ವಾಚ್‌ಮನ್‌ ‘ಅಸೋಸಿಯೇಷನ್‌ನವರನ್ನು ಕೇಳಿ’ ಅಂತಾರೆ. ಅಸೋಸಿಯೇಷನ್‌ನವರು ‘ಕಾರ್ಪೊರೇಷನ್‌ನವರನ್ನು ಕೇಳಿ’ ಅಂತಾರೆ. ಪಾರ್ಕ್ ನಿಜಕ್ಕೂ ಯಾರದ್ದು?

ಉತ್ತರ: ಬೀಗದ ವಿಷಯವನ್ನು ಮೊದಲು ನೋಡೋಣ, ಅದು ಸುಲಭ. ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ಗೇಟು ತೆಗೆಯುವುದು ಬೆಂಗಳೂರಿನಲ್ಲಿ ಹಳೆಯ ಪದ್ಧತಿ. ಜನ ಇದರ ವಿರುದ್ಧ ದನಿ ಎತ್ತಿದ ಮೇಲೆ, 2024ರಲ್ಲಿ ಆಗಿನ ನಗರ ಪಾಲಿಕೆಯಾಗಿದ್ದ ಬಿಬಿಎಂಪಿಯ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಎಂದು ತೀರ್ಮಾನವಾಯಿತು. ಆದರೂ ಹಲವು ಕಡೆ ಹಳೆಯ ಬೋರ್ಡು, ಹಳೆಯ ಅಭ್ಯಾಸ ಹಾಗೇ ಉಳಿದಿವೆ.

ನನ್ನ ಪ್ರಕಾರ ಮಧ್ಯಾಹ್ನದ ಬೀಗಕ್ಕೆ ಅರ್ಥವೇ ಇಲ್ಲ. ಬೆಳಿಗ್ಗೆ ವಾಕಿಂಗ್ ಬರುವವರಿಗೆ ಮನೆ ಇದೆ, ಮನೆಯಲ್ಲಿ ಫ್ಯಾನ್ ಇದೆ. ಮಧ್ಯಾಹ್ನ ಎರಡು ಗಂಟೆಗೆ ಮರದ ನೆರಳು ಬೇಕಾಗುವುದು ಡೆಲಿವರಿ ಹುಡುಗರಿಗೆ, ಎರಡು ಮನೆಗಳ ಕೆಲಸದ ನಡುವೆ ಬುತ್ತಿ ಬಿಚ್ಚುವ ಹೆಂಗಸರಿಗೆ, ಆಟೊ ಓಡಿಸುವವರಿಗೆ. ಅವರು ಬರಬಾರದು ಅಂತಲೇ ಬೀಗ ಹಾಕುವುದು ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ‘ಸುಮ್ನೆ ಬಂದು ಮಲಗ್ತಾರೆ’ ಅಂತಾರೆ, ಅಷ್ಟೇ. ಮಲಗಲಿ ಬಿಡಿ, ಅಲ್ವಾ?

ಇನ್ನು ಯಾರದ್ದು ಎಂಬ ಪ್ರಶ್ನೆ. ಬೆಂಗಳೂರಿನ ಪಾರ್ಕುಗಳೆಲ್ಲ ಒಬ್ಬರ ಕೈಯಲ್ಲಿಲ್ಲ. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಯವು. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ ಲಾಲ್‌ಬಾಗ್. ಕಬ್ಬನ್ ಪಾರ್ಕ್ ಮಾಡಿಸಿದ್ದು 1870ರಲ್ಲಿ, ಆಗ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ. ಇವನ್ನು ಕಾಯಲು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅಂತಲೇ ಒಂದಿದೆ. ಅಲ್ಲಿನ ಬೆಂಚು ಮುರಿದರೆ ಕಾರ್ಪೊರೇಷನ್ನಿಗೆ ದೂರು ಕೊಟ್ಟು ಪ್ರಯೋಜನವಿಲ್ಲ.

ನಿಮ್ಮ ಬಡಾವಣೆಯದ್ದರಂಥ ಸಣ್ಣ ಪಾರ್ಕುಗಳು ಸಾವಿರಕ್ಕೂ ಹೆಚ್ಚಿವೆ. ಇವನ್ನು ನೋಡಿಕೊಳ್ಳುತ್ತಿದ್ದದ್ದು ಬಿಬಿಎಂಪಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಹಾಗಾಗಿ ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ. ಗೇಟಿನ ಮೇಲೆ ಈಗಲೂ ಬಿಬಿಎಂಪಿ ಎಂದೇ ಬರೆದಿದ್ದರೆ ಗೊಂದಲ ಬೇಡ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಬಡಾವಣೆಯಾದರೆ ಇನ್ನೊಂದು ತಿರುವು ಇದೆ. ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರ ಮಾಡುವವರೆಗೆ ಪಾರ್ಕಿನ ಜವಾಬ್ದಾರಿಯೂ ಬಿಡಿಎಯದ್ದೇ. ಕೆರೆ ಏರಿಯ ಮೇಲಿನ ವಾಕಿಂಗ್ ಪಾತ್ ಪಾರ್ಕಿನ ಹಾಗೆ ಕಂಡರೂ ಅದು ಕೆರೆ ವಿಭಾಗದ ಲೆಕ್ಕ.

ಪಾರ್ಕ್ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು, ಯಾಕೆಂದರೆ ನಿಮ್ಮ ಹಕ್ಕು ಇರುವುದು ಅಲ್ಲೇ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಜಾಗದಲ್ಲಿ ಕನಿಷ್ಠ ಶೇ 15ರಷ್ಟು ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಕನಿಷ್ಠ ಶೇ 10ರಷ್ಟು ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಗಳಿಗೆ ಬಿಡಬೇಕು. ಅದೇ ಕಾಯ್ದೆಯ 38ಎ ಸೆಕ್ಷನ್ ಪ್ರಕಾರ ಪಾರ್ಕಿಗೆಂದು ಇಟ್ಟ ಜಾಗವನ್ನು ಬಿಡಿಎ ಬೇರೆಯದಕ್ಕೆ ಮಾರುವಂತಿಲ್ಲ. ಮಾರಿದರೂ ಆ ವ್ಯವಹಾರ ಊರ್ಜಿತವಲ್ಲ. ನಕ್ಷೆ ಮಂಜೂರಾಗದೆ ಎದ್ದ ರೆವಿನ್ಯೂ ಬಡಾವಣೆಗಳಲ್ಲಿ ಈ ಲೆಕ್ಕವೇ ಇರಲಿಲ್ಲ. ಅಲ್ಲಿ ಪಾರ್ಕು ಕಾಣುವುದು ಅಪರೂಪ ಏಕೆಂದು ಈಗ ಗೊತ್ತಾಯಿತಲ್ಲ.

ಇದರ ಹಿಂದೆ ಬೆಂಗಳೂರಿನದೇ ಒಂದು ಕಥೆ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಸ್ಯಾಂಕಿ ಕೆರೆಯ ಹತ್ತಿರ, ತೆರೆದ ಜಾಗ ಎಂದು ಯೋಜನೆಯಲ್ಲೇ ಬಿಟ್ಟಿದ್ದ ನಿವೇಶನವೊಂದಿತ್ತು. ಅದನ್ನು ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಹಂಚಿದರು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ಆಸ್ಪತ್ರೆಯೂ ಜನರಿಗಾಗಿಯೇ ತಾನೆ ಎನ್ನುವ ವಾದ ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದ ತೀರ್ಪು ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಎಂದು ಬಿಟ್ಟ ಬಯಲನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಡುವುದು ಸಲ್ಲದು, ಮಂಜೂರಾದ ಯೋಜನೆಯನ್ನು ಮೇಲಿನವರ ಮಾತಿನ ಮೇಲೆ ಬದಲಿಸುವಂತಿಲ್ಲ ಎಂದಿತು. ಜೊತೆಗೆ, ಅಂಥ ಜಾಗಕ್ಕಾಗಿ ಕೋರ್ಟಿಗೆ ಬರಲು ಅಕ್ಕಪಕ್ಕದ ನಿವಾಸಿಗಳಿಗೆ ಹಕ್ಕಿದೆ ಎಂದೂ ಒಪ್ಪಿತು. ಪಾರ್ಕಿನ ಜಾಗ ಉಳಿಸಿಕೊಳ್ಳುವ ಜಗಳ ದೇಶದ ಯಾವ ಮೂಲೆಯಲ್ಲಿ ನಡೆದರೂ ವಕೀಲರು ಇಂದಿಗೂ ಈ ತೀರ್ಪು ತೆಗೆಯುತ್ತಾರೆ.

ಈಗ ನಿಮ್ಮ ಜಾರುಬಂಡಿಗೆ ಬರೋಣ. ಪಾಲಿಕೆಯ ಪಾರ್ಕಿನಲ್ಲಿ ಕೆಲಸ ಮಾಡುವ ಮಾಲಿ, ವಾಚ್‌ಮನ್ ಸಾಮಾನ್ಯವಾಗಿ ಪಾಲಿಕೆಯ ನೌಕರರಲ್ಲ. ಪಾಲಿಕೆಯ ತೋಟಗಾರಿಕೆ ವಿಭಾಗ ಟೆಂಡರ್ ಕರೆದು ಗುತ್ತಿಗೆದಾರರಿಗೆ ನಿರ್ವಹಣೆ ಕೊಡುತ್ತದೆ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಗೇಟು ತೆರೆದು ಮುಚ್ಚುವುದು ಗುತ್ತಿಗೆಯ ಕೆಲಸ. ಒಣಗಿದ ಕೊಂಬೆ ತಲೆಯ ಮೇಲೆ ನೇತಾಡುತ್ತಿದ್ದರೆ ಮಾಲಿ ಕೈ ಹಚ್ಚುವುದಿಲ್ಲ, ಅದು ಪಾಲಿಕೆಯ ಅರಣ್ಯ ವಿಭಾಗದ್ದು. ಮರ ಕಡಿಯಬೇಕೆಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ದೀಪ ವಿದ್ಯುತ್ ವಿಭಾಗಕ್ಕೆ ಹೋಗುತ್ತದೆ. ಕಾಂಪೌಂಡು ಕುಸಿದರೆ ಎಂಜಿನಿಯರುಗಳಿಗೆ. ಒಂದೇ ಅರ್ಜಿಯಲ್ಲಿ ಇಷ್ಟನ್ನೂ ಬರೆದರೆ ಅದು ಮೇಜಿನಿಂದ ಮೇಜಿಗೆ ಸುತ್ತುತ್ತಾ ಇರುತ್ತದೆ. ದೀಪಕ್ಕೊಂದು, ಜಾರುಬಂಡಿಗೊಂದು, ಬೀಗಕ್ಕೊಂದು ದೂರು ಕೊಡಿ. ಸಹಾಯವಾಣಿ 1533ಕ್ಕೆ ಫೋನ್ ಮಾಡಿದರೂ ಪ್ರತಿ ದೂರಿಗೂ ಬೇರೆ ಬೇರೆ ಸಂಖ್ಯೆ ಕೇಳಿ ಪಡೆಯಿರಿ.

ಬೇಸಿಗೆಯಲ್ಲಿ ಹುಲ್ಲು ಒಣಗಿದೆ ಎನ್ನುವ ದೂರಿಗೆ ಮಾತ್ರ ಸ್ವಲ್ಪ ತಾಳ್ಮೆ ಇರಲಿ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತ್ತು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಿವೆ, ಅವು ಹೇಗೋ ನಿಭಾಯಿಸುತ್ತವೆ. ಬಡಾವಣೆಯ ಪಾರ್ಕಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ಗತಿ. ಆ ಹೊತ್ತಿನಲ್ಲಿ ಲಾನ್ ಹಸಿರಾಗಿರಲಿ ಎಂದು ಹಟ ಹಿಡಿಯುವುದು ನನಗೇನೋ ಸರಿ ಕಾಣುವುದಿಲ್ಲ. ಮರಗಳು ಉಳಿದರೆ ಸಾಕು.

ಇನ್ನು ಅಸೋಸಿಯೇಷನ್‌ನವರ ಪಾತ್ರ ಏನು ಅಂತ ನೋಡೋಣ. ನಿವಾಸಿಗಳ ಸಂಘವೋ ಕಂಪನಿಯೋ ಪಾರ್ಕನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳುವ ಪದ್ಧತಿ ಇದೆ, ಕೆಲವು ಕಡೆ ತುಂಬಾ ಚೆನ್ನಾಗಿಯೂ ನಡೆಯುತ್ತದೆ. ಆದರೆ ನಿರ್ವಹಣೆ ಕೊಟ್ಟರೆ ಜಾಗ ಕೊಟ್ಟಂತಲ್ಲ. ‘ನಿವಾಸಿಗಳಿಗೆ ಮಾತ್ರ’ ಎಂಬ ಬೋರ್ಡು ಹಾಕಿದ್ದರೆ, ಪಾಲಿಕೆಯ ಯಾವ ಆದೇಶದ ಮೇಲೆ ಹಾಕಿದ್ದೀರಿ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಮೈದಾನ, ಈಜುಕೊಳ, ಶಟಲ್ ಕೋರ್ಟುಗಳನ್ನು ಗುತ್ತಿಗೆಗೆ ಕೊಟ್ಟಿದ್ದರೂ ಇದೇ ಮಾತು. ಎಷ್ಟು ಶುಲ್ಕ ತೆಗೆದುಕೊಳ್ಳಬಹುದು ಎಂಬುದು ಕರಾರಿನಲ್ಲಿ ಇರಬೇಕು, ಕೌಂಟರಿನಲ್ಲಿ ಕೂತವರ ಬಾಯಲ್ಲಿ ಅಲ್ಲ.

ನಿಮ್ಮ ಪಾರ್ಕಿನ ನಿರ್ವಹಣೆ ಕರಾರಿನ ಪ್ರತಿಯೇ ನಿಮಗೆ ಬೇಕಾದ ಕಾಗದ. ಕೇಳಿದ ಕೂಡಲೇ ಕೈಗೆ ಸಿಗದು. ಹಾಗಾಗಿ ನಿಮ್ಮ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕಷ್ಟಸುಖ ಎಲ್ಲ ಬರೆಯಲು ಹೋಗಬೇಡಿ. ಪಾರ್ಕಿನ ಹೆಸರು, ವಾರ್ಡು ಬರೆದು ಇಷ್ಟು ಕೇಳಿ: ನಿರ್ವಹಣೆ ಗುತ್ತಿಗೆಯ ಕರಾರಿನ ಪ್ರತಿ, ಎಷ್ಟು ಜನ ಮಾಲಿ ಮತ್ತು ವಾಚ್‌ಮನ್ ಇರಬೇಕೆಂದು ಅದರಲ್ಲಿದೆ, ಗೇಟು ಎಷ್ಟು ಹೊತ್ತಿಗೆ ತೆಗೆಯಬೇಕು, ಕಳೆದ ಮೂರು ತಿಂಗಳಲ್ಲಿ ಪಾಸಾದ ಬಿಲ್ಲುಗಳು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಕಾಗದದಲ್ಲಿ ಮೂವರು ಮಾಲಿಗಳಿದ್ದು ಪಾರ್ಕಿನಲ್ಲಿ ಒಬ್ಬರೇ ಕಂಡರೆ, ಮುಂದಿನ ದೂರು ಏನು ಬರೆಯಬೇಕೆಂದು ನಿಮಗೇ ಗೊತ್ತಾಗುತ್ತದೆ.