'ನಾಮ' ಹೇಗೆ 'ನೇಮ್' ಆಯಿತು: ಇಂಗ್ಲಿಷ್ ಸ್ಪೆಲ್ಲಿಂಗಿನ ಹಿಂದಿನ ಕಥೆ

ಇಂಗ್ಲಿಷ್ ಅಕ್ಷರಗಳನ್ನು ಆಗಷ್ಟೇ ಕಲಿತ ಮಗುವಿನ ಮುಂದೆ ಎನ್, ಎ, ಎಂ, ಇ ಎಂದು ಬರೆದು ಓದಲು ಹೇಳಿ. ಕನ್ನಡ ಓದಿ ರೂಢಿಯಾದ ಮಗುವಾದರೆ 'ನಾಮೆ' ಎನ್ನಬಹುದು. ನಾವು ತಕ್ಷಣ ತಿದ್ದುತ್ತೇವೆ: ನಾಮೆ ಅಲ್ಲ, ನೇಮ್. ಆದರೆ ಸುಮಾರು 650 ವರ್ಷಗಳ ಹಿಂದಿನ ಲಂಡನ್ನಿನಲ್ಲಿ ಆ ಮಗು ಓದಿದ್ದು ಹೆಚ್ಚುಕಡಿಮೆ ಸರಿಯೇ ಆಗುತ್ತಿತ್ತು. ಆಗಿನ ಜನ ಆ ಪದವನ್ನು 'ನಾಮ' ಎಂಬಂತೆಯೇ ಹೇಳುತ್ತಿದ್ದರು. ನಮ್ಮಲ್ಲಿ ಬಳಕೆಯಲ್ಲಿರುವ ಸಂಸ್ಕೃತದ 'ನಾಮ'ಕ್ಕೂ ಅದಕ್ಕೂ ಬೇರು ಒಂದೇ.

ಐದನೇ ಕ್ಲಾಸಿನಲ್ಲಿ ನಾನು 'ನೈಫ್' ಪದವನ್ನು ಎನ್ ಅಕ್ಷರದಿಂದ ಶುರುಮಾಡಿ ಬರೆದು, ಐವತ್ತು ಸಲ ಇಂಪೊಸಿಷನ್ ಬರೆದಿದ್ದೆ. ಮೊದಲಿಗೆ ಕೆ ಯಾಕೆ ಎಂದು ಕೇಳಿದ್ದಕ್ಕೆ 'ಅದು ಹಾಗೇ, ಬಾಯಿಪಾಠ ಮಾಡು' ಎಂಬ ಉತ್ತರ ಬಂತು. ಅದಕ್ಕೆ ನಿಜವಾದ ಉತ್ತರವಿದೆ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಆ ಕೆ ಅಕ್ಷರವನ್ನು ಒಂದು ಕಾಲದಲ್ಲಿ ಬಾಯಿಬಿಟ್ಟು ಹೇಳುತ್ತಿದ್ದರು. 'ನೈಟ್' ಎಂಬ ಸೈನಿಕನ ಹೆಸರು 'ಕ್ನಿಖ್ಟ್' ಎಂಬಂತೆ ಕೇಳುತ್ತಿತ್ತು. ಅದರಲ್ಲಿ ಇವತ್ತು ಮೌನವಾಗಿರುವ ಕೆ, ಜಿ, ಎಚ್ ಮೂರಕ್ಕೂ ಆಗ ಕೆಲಸವಿತ್ತು.

ಆ ಕಾಲದಲ್ಲಿ ಸರಿಯಾದ ಸ್ಪೆಲ್ಲಿಂಗ್ ಎಂಬುದೇ ಇರಲಿಲ್ಲ. ಕೈಬರಹದವರು ತಮ್ಮ ಊರಿನವರು ಮಾತಾಡಿದಂತೆ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯೂ ಬಂದು ಬೆರೆಯಿತು. ಮೊದಲು ಸಿ, ಡಬ್ಲ್ಯೂ ಹಾಕಿ ಬರೆಯುತ್ತಿದ್ದ 'ಕ್ವೀನ್' ಪದಕ್ಕೆ ಕ್ಯೂ, ಯು ಬಂದದ್ದು ಹಾಗೆ.

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದ. ಅವನ ಕಷ್ಟ ಏನೆಂದು ಅವನೇ ಹೇಳಿಕೊಂಡಿದ್ದಾನೆ. 1490ರಲ್ಲಿ ಅಚ್ಚಾದ ಪುಸ್ತಕವೊಂದರ ಮುನ್ನುಡಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಕೆಲವು ವ್ಯಾಪಾರಿಗಳ ಹಡಗು ಗಾಳಿಯಿಲ್ಲದೆ ಥೇಮ್ಸ್ ನದಿಯಲ್ಲೇ ನಿಂತುಬಿಟ್ಟಿತು. ಊಟಕ್ಕೆ ಏನಾದರೂ ಸಿಗಬಹುದೆಂದು ಅವರು ದಡಕ್ಕೆ ಇಳಿದರು. ಒಬ್ಬ ಒಂದು ಮನೆಯಲ್ಲಿ 'ಎಗ್ಸ್' ಕೊಡಿ ಎಂದ. ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಇನ್ನೊಬ್ಬ 'ಐರೆನ್' ಬೇಕಂತೆ ಎಂದಾಗ ಅವಳಿಗೆ ಅರ್ಥವಾಯಿತು. ಎರಡೂ ಮೊಟ್ಟೆಯೇ. ಒಂದು ಉತ್ತರದ ಮಾತು, ಇನ್ನೊಂದು ದಕ್ಷಿಣದ ಮಾತು. ಈಗ ನಾನು ಇದರಲ್ಲಿ ಯಾವುದನ್ನು ಬರೆಯಲಿ ಎಂದು ಕ್ಯಾಕ್ಸ್‌ಟನ್ ಕೇಳುತ್ತಾನೆ. ಧಾರವಾಡ, ಮಂಗಳೂರು, ಮೈಸೂರು ಮೂರೂ ಕಡೆ ಓದುವಂತೆ ಬರೆಯಬೇಕಾದ ಯಾರಿಗೂ ಈ ಪ್ರಶ್ನೆ ಹೊಸದಲ್ಲ, ಅಲ್ವಾ?

ಅಚ್ಚುಕೂಟದವರು ಒಂದನ್ನು ಆರಿಸಲೇಬೇಕಿತ್ತು. ಅವರು ಆರಿಸಿದ್ದು ಸಾವಿರಾರು ಪ್ರತಿಗಳಲ್ಲಿ ಹರಡಿ ನಿಂತಿತು. ತೊಂದರೆ ಏನೆಂದರೆ, ಸರಿಯಾಗಿ ಅದೇ ಹೊತ್ತಿನಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳು ಬದಲಾಗುತ್ತಿದ್ದವು. ಸುಮಾರು 1400ರಿಂದ 1700ರವರೆಗೆ ನಡೆದ ಈ ಬದಲಾವಣೆಯಲ್ಲಿ 'ನಾಮ' ಹೋಗಿ 'ನೇಮ್' ಆಯಿತು, 'ಹೂಸ್' ಹೋಗಿ 'ಹೌಸ್' ಆಯಿತು. ಬಾಯಿ ಮುಂದೆ ಹೋಯಿತು, ಅಚ್ಚುಮೊಳೆ ಅಲ್ಲೇ ಉಳಿಯಿತು.

ಕನ್ನಡದಲ್ಲೂ ಉಚ್ಚಾರ ಬದಲಾಗಿದೆ. ಹಳಗನ್ನಡದ 'ಪಾಲ್' ನಮಗೆ 'ಹಾಲು', 'ಪೂ' ನಮಗೆ 'ಹೂ'. ಆದರೆ ಈ ಬದಲಾವಣೆ ಅಚ್ಚು ಬರುವ ಎಷ್ಟೋ ಮೊದಲೇ ಮುಗಿದಿತ್ತು. ಹೇಳುವುದು ಬದಲಾದಂತೆ ಬರೆಯುವುದೂ ಬದಲಾಯಿತು. ಹಳೆಯ ೞ, ಱ ಅಕ್ಷರಗಳನ್ನೂ ಕೈಬಿಟ್ಟೆವು. ನಾವು ಇಂದಿಗೂ ಪಕಾರ ಬರೆದು ಹಕಾರ ಓದುತ್ತಿದ್ದರೆ ಹೇಗಿರುತ್ತಿತ್ತೋ, ಇಂಗ್ಲಿಷ್ ಸ್ಪೆಲ್ಲಿಂಗ್ ಇರುವುದು ಹಾಗೆ. ನಮ್ಮದು ಪೂರ್ತಿ ಬರೆದಂತೆ ಓದುವ ಭಾಷೆ ಎಂದೂ ನಾನು ಹೇಳುವುದಿಲ್ಲ. 'ಜ್ಞಾನ' ಬರೆದು 'ಗ್ಯಾನ' ಎನ್ನುವವರೇ ಜಾಸ್ತಿ.

ಕೆಲವು ಮೌನ ಅಕ್ಷರಗಳನ್ನು ಮಾತ್ರ ಬೇಕೆಂದೇ ತುರುಕಿದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಭಾಗ. ಸಾಲ ಎಂಬ ಅರ್ಥದ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಇದರ ಮೂಲ ಲ್ಯಾಟಿನ್‌ನ 'ಡೆಬಿಟುಂ' ಅಲ್ಲವೇ ಎಂದು ಓದಿದವರು ಆಮೇಲೆ ಬಿ ಸೇರಿಸಿದರು. 'ಡೌಟ್' ಪದದ ಬಿ ಕೂಡ ಅಂಥದ್ದೇ. 'ಐಲೆಂಡ್' ಪದದ ಎಸ್ ಅಂತೂ ಪೂರ್ತಿ ತಪ್ಪು. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್ ಮೂಲದ, ದ್ವೀಪ ಎಂದೇ ಅರ್ಥವಿರುವ 'ಐಲ್' ಪದದ ಜೊತೆ ಗೊಂದಲ ಮಾಡಿಕೊಂಡು ಎಸ್ ಹಾಕಿದರು. ಆ ತಪ್ಪನ್ನು ಯಾರೂ ತಿದ್ದಲಿಲ್ಲ. ಆದರೆ ಎಸ್ ಬಿಟ್ಟು ಬರೆದ ಮಗುವಿನ ಮಾರ್ಕ್ಸ್ ಕಳೆಯುತ್ತೇವೆ.

ನಿಘಂಟುಗಳು ಈ ಎಲ್ಲವನ್ನೂ ಗಟ್ಟಿ ಮಾಡಿದವು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಸುಮಾರು 42,000 ಪದಗಳ ನಿಘಂಟು ತಂದ. ಅವನು ಹೆಚ್ಚಾಗಿ ರೂಢಿಯಲ್ಲಿದ್ದುದನ್ನೇ ಬರೆದಿಟ್ಟ. ಹಾಗಾಗಿ 'ರಿಸೀಟ್' ಪದಕ್ಕೆ ಪಿ ಉಳಿಯಿತು, ಅದೇ ಜಾತಿಯ 'ಡಿಸೀಟ್' ಪದಕ್ಕೆ ಇಲ್ಲ. ಅಮೆರಿಕದ ನೋವಾ ವೆಬ್‌ಸ್ಟರ್ ಹೊಸ ದೇಶಕ್ಕೆ ತನ್ನದೇ ಸ್ಪೆಲ್ಲಿಂಗ್ ಇರಲಿ ಎಂದು 'ಕಲರ್', 'ಆನರ್' ಪದಗಳಿಂದ ಯು ತೆಗೆದ. 1828ರ ಅವನ ದೊಡ್ಡ ನಿಘಂಟಿನಿಂದ ಅವು ನೆಲೆಯೂರಿದವು. ನಮ್ಮ ಶಾಲೆಗಳು ಯು ಹಾಕಿ ಕಲಿಸುತ್ತವೆ, ಎಷ್ಟೋ ಫೋನು, ಕಂಪ್ಯೂಟರುಗಳು ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತವೆ. ಎರಡೂ ಸರಿ. ಒಂದು ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಇನ್ನೂ ಮುಂದೆ ಹೋಗಲು ನೋಡಿದವರು ಸೋತರು. 1906ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲ್ಲಿಂಗನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಆದೇಶ ಕೊಟ್ಟರು. ಪತ್ರಿಕೆಗಳು ನಕ್ಕವು, ಸಂಸತ್ತು ಒಪ್ಪಲಿಲ್ಲ. ವರ್ಷ ಮುಗಿಯುವುದರೊಳಗೆ ಅಧ್ಯಕ್ಷರು ಹಿಂದೆ ಸರಿದರು. ಊರಿನ ಹೆಸರಾದರೆ ಆದೇಶದಿಂದ ಬದಲಿಸಬಹುದು. 2014ರ ನವೆಂಬರ್ 1ರಂದು ಬೆಂಗಳೂರೂ ಸೇರಿ ನಮ್ಮ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಗಿದೆ. ದಿನಬಳಕೆಯ ಪದಗಳ ಮಾತು ಬೇರೆ.

ದೊಡ್ಡಕ್ಷರಗಳ ಕಥೆ ಚಿಕ್ಕದು. ರೋಮನ್ನರು ಕಲ್ಲಿನಲ್ಲಿ ಕೆತ್ತಿದ್ದು ದೊಡ್ಡಕ್ಷರಗಳೇ. ಬೇಗ ಬರೆಯುವ ಕೈಯಿಂದ ನಿಧಾನವಾಗಿ ಚಿಕ್ಕಕ್ಷರಗಳು ಹುಟ್ಟಿದವು. ಮುಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ದೊಡ್ಡಕ್ಷರಗಳನ್ನು ಮೇಲಿನ ಪೆಟ್ಟಿಗೆಯಲ್ಲೂ ಚಿಕ್ಕವನ್ನು ಕೆಳಗಿನದರಲ್ಲೂ ಇಡುತ್ತಿದ್ದರು. 'ಅಪ್ಪರ್ ಕೇಸ್', 'ಲೋವರ್ ಕೇಸ್' ಎಂಬ ಹೆಸರು ಅಲ್ಲಿಂದ ಬಂತು. ಎಲ್ಲಿ ದೊಡ್ಡಕ್ಷರ ಎಂಬ ನಿಯಮವೂ ಒಂದೇ ರೀತಿ ಇರಲಿಲ್ಲ. 1787ರ ಅಮೆರಿಕದ ಸಂವಿಧಾನದ ಮೂಲ ಪ್ರತಿ ನೋಡಿದರೆ ಹೆಚ್ಚಿನ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗುತ್ತವೆ. ಇವತ್ತಿನ ಮಗು ಹಾಗೆ ಬರೆದರೆ ತಪ್ಪು.

ಕಾಮಾ, ಫುಲ್‌ಸ್ಟಾಪ್‌ಗಳ ಬೇರು ಇನ್ನೂ ಹಳೆಯದು. ಕ್ರಿಸ್ತಪೂರ್ವದಲ್ಲೇ ಅಲೆಗ್ಸಾಂಡ್ರಿಯಾದ ಗ್ರಂಥಪಾಲಕ ಅರಿಸ್ಟೋಫೇನಿಸ್ ಎಂಬಾತ ಸಾಲಿನ ಮೇಲೆ, ನಡುವೆ, ಕೆಳಗೆ ಚುಕ್ಕಿ ಇಡುವ ಪದ್ಧತಿ ಮಾಡಿದ. ಗಟ್ಟಿಯಾಗಿ ಓದುವವರು ಎಲ್ಲಿ ಎಷ್ಟು ಉಸಿರು ತೆಗೆದುಕೊಳ್ಳಬೇಕೆಂದು ತೋರಿಸುವುದು ಅವುಗಳ ಕೆಲಸ. ಸೆಮಿಕೋಲನ್ 1490ರ ದಶಕದಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಿಂದ ಬಂತು. ಜನ ಮನಸ್ಸಿನಲ್ಲೇ ಓದಲು ಕಲಿತಂತೆ ಈ ಗುರುತುಗಳು ಉಸಿರನ್ನು ಬಿಟ್ಟು ವ್ಯಾಕರಣದ ಕೆಲಸ ಹಿಡಿದವು. 'ಅದರ' ಎಂಬ ಅರ್ಥದ 'ಇಟ್ಸ್'ಗೆ ಅಪಾಸ್ಟ್ರಫಿ ಬೇಡ ಎಂದು ಈಗ ಎಲ್ಲ ಟೀಚರುಗಳೂ ಹೇಳುತ್ತಾರೆ. 250 ವರ್ಷಗಳ ಹಿಂದೆ ಚೆನ್ನಾಗಿ ಓದಿದವರೇ ಅಲ್ಲಿ ಅದನ್ನು ಹಾಕುತ್ತಿದ್ದರು.

ನಮ್ಮ ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗವೂ ಇರಲಿಲ್ಲ, ಪದ್ಯದ ಕೊನೆಗೆ ದಂಡ ಬಂದರೆ ಮುಗಿಯಿತು. ಕಾಮಾ, ಪ್ರಶ್ನೆ ಚಿಹ್ನೆ ಕನ್ನಡಕ್ಕೆ ಬಂದದ್ದು ಇಂಗ್ಲಿಷ್ ಅಚ್ಚಿನ ದಾರಿಯಲ್ಲಿ. ಅವು ಇಲ್ಲದೆಯೂ ನಡೆದದ್ದಕ್ಕೆ ಕಾರಣ ಭಾಷೆಯ ಒಳಗೇ ಇದೆ. 'ಬಂದೆಯಾ' ಎಂಬ ಪದದ ಕೊನೆಯ ದೀರ್ಘವೇ ಪ್ರಶ್ನೆ. 'ನಾಳೆ ಬಾ ಎಂದಳು' ಎಂದರೆ ಆಡಿದ ಮಾತು ಎಲ್ಲಿ ಮುಗಿಯಿತು ಎಂಬುದನ್ನು 'ಎಂದಳು' ತೋರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ 'ಎಂದು' ಎಂಬಂಥ ಮುಚ್ಚುವ ಪದವಿಲ್ಲ. ಅಲ್ಲಿ ಆ ಕೆಲಸ ಉದ್ಧರಣ ಚಿಹ್ನೆಯದು. ನಮ್ಮ ಮಕ್ಕಳು ಇಂಗ್ಲಿಷ್ ಬರೆಯುವಾಗ ಪದೇಪದೇ ಮರೆಯುವುದೂ ಆ ಮುಚ್ಚುವ ಚಿಹ್ನೆಯನ್ನೇ.