ಕೈ ಮೇಲಿನ ಹುಣ್ಣು ಎರಡು ತಿಂಗಳಾದ್ರೂ ವಾಸಿ ಆಗ್ತಿಲ್ಲ, ಏನ್ ಹಚ್ಚಲಿ?

ಸದ್ಯಕ್ಕೆ ಏನೂ ಹಚ್ಬೇಡಿ. ಮೊದ್ಲು ಆ ಕೈ ದಿನಾ ಯಾವುದರೊಳಗೆಲ್ಲ ಹೋಗುತ್ತೆ ಅಂತ ನೆನಪು ಮಾಡ್ಕೊಳ್ಳಿ, ಮೀನಿನ ಟ್ಯಾಂಕಾ, ಗುಲಾಬಿ ಕುಂಡಾನಾ, ಬಿಸಿ ತವಾನಾ.

ನಂದು ಟ್ಯಾಂಕ್. ಬೆಂಗಳೂರಿನ ರಸೆಲ್ ಮಾರ್ಕೆಟ್ ಕಡೆಯಿಂದ ಮೀನು ತಂದು ಸಾಕ್ತಿದ್ದೆ, ತೊಳೆಯುವಾಗ ಬೆರಳ ಗೆಣ್ಣು ಕಲ್ಲಿಗೆ ತರಚಿತ್ತು, ಮರ್ತೂ ಹೋಗಿತ್ತು. ಮೂರು ವಾರ ಆದ್ಮೇಲೆ ಅದೇ ಜಾಗದಲ್ಲಿ ಕೆನ್ನೀಲಿ ಗುಳ್ಳೆ, ಅಂಥಾ ನೋವೇನಿಲ್ಲ, ಹಕ್ಕಳೆ ಕಟ್ಟೋದು, ಸ್ನಾನ ಮಾಡುವಾಗ ಕಿತ್ತು ಬರೋದು, ಮತ್ತೆ ಕಟ್ಟೋದು. ಮೆಡಿಕಲ್ ಶಾಪಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ, ನಾಲ್ಕು ದಿನ ಕೆಂಪು ಇಳೀತು, ಆಮೇಲೆ ಮುಂಗೈ ಮೇಲೆ ಇನ್ನೊಂದು ಗಂಟು ಎದ್ದಿತು! ಆ ಟ್ಯೂಬಲ್ಲಿ ಸ್ಟೆರಾಯ್ಡ್ ಇತ್ತು, ಅದು ಕೆಂಪು ಅಡಗಿಸುತ್ತೆ, ಒಳಗಿನ ಕ್ರಿಮಿಗೆ ದಾರಿ ಸಲೀಸು ಮಾಡ್ಕೊಡುತ್ತೆ.

ಕ್ರಿಮಿ ಹೆಸರು ಮೈಕೋಬ್ಯಾಕ್ಟೀರಿಯಂ ಮರೀನಮ್, ಟಿಬಿ ಕ್ರಿಮಿಯ ದಾಯಾದಿ ಅಂದ್ಕೊಳ್ಳಿ. ಇದಕ್ಕೆ 30 ಡಿಗ್ರಿ ಆಸುಪಾಸಿನ ತಂಪು ಬೇಕು, ಮೈ ಒಳಗಿನ 37 ಡಿಗ್ರಿ ಆಗಿಬರಲ್ಲ, ಅದಕ್ಕೇ ಕೈಯಲ್ಲೇ ಠಿಕಾಣಿ ಹೂಡೋದು. ಲ್ಯಾಬಲ್ಲೂ ಇದೇ ತಕರಾರು, 37 ಡಿಗ್ರೀಲಿ ಕಲ್ಚರ್ (ಹುಣ್ಣಿನ ಚೂರಿಂದ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ) ಇಟ್ರೆ ಏನೂ ಬೆಳೆಯದೆ ರಿಪೋರ್ಟ್ ನೆಗೆಟಿವ್ ಬಂದ್ಬಿಡಬಹುದು, ಹಾಗಾಗಿ ಟ್ಯಾಂಕ್ ವಿಷಯ ಡಾಕ್ಟರ್‌ಗೆ ನೀವೇ ಬಾಯಿಬಿಟ್ಟು ಹೇಳ್ಬೇಕು.

ಗುಲಾಬಿ ಮುಳ್ಳು ಚುಚ್ಚಿ ಬರೋದು ಬೇರೆ, ಅದು ಫಂಗಸ್, ಸ್ಪೋರೋಟ್ರೈಕೋಸಿಸ್ ಅಂತಾರೆ. ಗಂಟುಗಳು ಮಣಿ ಪೋಣಿಸಿದ ಹಾಗೆ ಸಾಲಾಗಿ ತೋಳಿನ ಕಡೆ ಹತ್ತುತ್ವೆ. ಆದ್ರೆ ಟ್ಯಾಂಕಿನದ್ದೂ ಒಮ್ಮೊಮ್ಮೆ ಹಾಗೇ ಹತ್ತುತ್ತೆ, ನೋಡಿ ಹೇಳೋಕಾಗಲ್ಲ.

ಅದಕ್ಕೇ ಬಯಾಪ್ಸಿ. ಹೆದರೋ ಅಂಥದ್ದೇನಿಲ್ಲ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ನಾಲ್ಕು ಮಿಲಿಮೀಟರಷ್ಟು ಚೂರು ತೆಗೀತಾರೆ, ಒಂದೋ ಎರಡೋ ಹೊಲಿಗೆ. ಒಂದು ಚೂರು ಮೈಕ್ರೋಸ್ಕೋಪಲ್ಲಿ ನೋಡೋಕೆ ಫಾರ್ಮಲಿನ್‌ಗೆ (ಕೆಡದ ಹಾಗೆ ಇಡೋ ದ್ರವ) ಹೋಗುತ್ತೆ, ಇನ್ನೊಂದು ಕಲ್ಚರ್‌ಗೆ ಸಲೈನ್‌ನಲ್ಲೇ (ಉಪ್ಪು ನೀರು) ಹೋಗ್ಬೇಕು, ಫಾರ್ಮಲಿನ್ ಕ್ರಿಮೀನ ಕೊಂದ್ಬಿಡುತ್ತೆ. ಬೆಂಗಳೂರಿನ ಸರ್ಕಾರಿ ವಿಕ್ಟೋರಿಯಾ ಆಸ್ಪತ್ರೇಲಿ ಚರ್ಮರೋಗ ವಿಭಾಗ ಇದೆ, ಖರ್ಚಿನ ಚಿಂತೆ ಇದ್ರೆ ಅಲ್ಲಿಗೆ ಹೋಗಿ.

ಟ್ಯಾಂಕ್ ಹುಣ್ಣಿಗೆ ಸಾಮಾನ್ಯವಾಗಿ ಕ್ಲಾರಿಥ್ರೋಮೈಸಿನ್ ಜೊತೆ ಎಥಾಂಬುಟಾಲ್ ಥರದ ಇನ್ನೊಂದು ಮಾತ್ರೆ, ಫಂಗಸ್‌ಗೆ ಇಟ್ರಾಕೊನಜೋಲ್. ಎರಡೂ ತಿಂಗಳುಗಟ್ಟಲೆ ನುಂಗ್ಬೇಕು, ಹುಣ್ಣು ಮಾಯ್ದ ಮೇಲೂ ಒಂದೆರಡು ತಿಂಗಳು. ನಾನು ನಡುವೆ ಬಿಟ್ಟು ಬೈಸ್ಕೊಂಡಿದೀನಿ. ಇವನ್ನ ನೀವೇ ತಗೊಂಡು ನುಂಗ್ಬೇಡಿ ಮಾರಾಯ್ರೆ.

ಟ್ಯಾಂಕೂ ಇಲ್ಲ ಮುಳ್ಳೂ ಇಲ್ಲ ಅಂದ್ರೆ ಶುಗರ್ ನೋಡಿಸಿ. ತವಾ ಸುಟ್ಟಿದ್ದೇ ಗೊತ್ತಾಗದಷ್ಟು ಕೈ ಜೋಮು ಹಿಡಿದಿದ್ರೆ ನರ ಹಾಳಾಗಿರಬಹುದು, ಕುಷ್ಠದಲ್ಲೂ ಹಾಗಾಗುತ್ತೆ, ಅದಕ್ಕೆ ಔಷಧಿ ಸರ್ಕಾರದಿಂದ ಫ್ರೀ. ವಯಸ್ಸಾದವರಿಗೆ, ಅಥವಾ ಹಳೇ ಸುಟ್ಟ ಕಲೆ ಮೇಲೆ ಅಂಚು ಗಟ್ಟಿಯಾಗಿ ರಕ್ತ ಜಿನುಗೋ ಹುಣ್ಣು ಎದ್ರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೇಬೇಕು. ಜ್ವರ ಬಂದು ಕೆಂಪು ಸರಸರ ಹಬ್ಬಿದ್ರೆ ಅವತ್ತೇ ಆಸ್ಪತ್ರೆಗೆ ಓಡಿ.

ಮನೆಯವರಿಗೆ ಅಂಟುತ್ತಾ ಅಂತಾನೂ ಕೇಳ್ತಾರೆ, ಟ್ಯಾಂಕ್ ಹುಣ್ಣು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ನಮ್ಮನೇಲಿ ಮೀನು ಇನ್ನೂ ಇವೆ, ಪಕ್ಕದಲ್ಲೇ ಮೊಣಕೈ ತನಕ ಬರೋ ರಬ್ಬರ್ ಗ್ಲೌಸ್ ನೇತಾಡ್ತಿದೆ.