ಕಿಟಕಿ ಮೇಲೆ ತೂತು ಬೀಳುತ್ತಿಲ್ಲ, ಯಾವ ಹ್ಯಾಮರ್ ಡ್ರಿಲ್ ತಗೊಳ್ಳಲಿ?

ಪ್ರಶ್ನೆ: ಹೊಸ ಮನೆಗೆ ಬಂದಿದ್ದೇವೆ. ಕರ್ಟನ್ ರಾಡು, ಶೆಲ್ಫು, ಸೀಲಿಂಗಿಗೆ ಬಟ್ಟೆ ಒಣಹಾಕುವ ಹ್ಯಾಂಗರ್, ಹೀಗೆ ಒಂದಷ್ಟು ಕೆಲಸ ಬಾಕಿ ಇದೆ. ಒಂದೊಂದು ತೂತಿಗೂ ಎಲೆಕ್ಟ್ರೀಷಿಯನ್ ಬರಲಿ ಅಂತ ಕಾದು ಸಾಕಾಗಿದೆ. ಮೂರು ಸಾವಿರ ರೂಪಾಯಿ ಒಳಗೆ, ಕಾಂಕ್ರೀಟಿಗೂ ಆಗುವ ಹ್ಯಾಮರ್ ಡ್ರಿಲ್ ಯಾವುದು?

ಉತ್ತರ: ಮಷೀನ್ ಮಾತು ಆಮೇಲೆ. ಮೊದಲು ನೀವು ತೂತು ಹಾಕಬೇಕಾದ ಜಾಗ ಯಾವುದು ನೋಡೋಣ.

ಕರ್ಟನ್ ರಾಡ್ ಎಲ್ಲಿ ಬರುತ್ತೆ? ಕಿಟಕಿಯ ಮೇಲೆ. ಕಿಟಕಿಯ ಮೇಲೆ ಏನಿರುತ್ತೆ? ಲಿಂಟಲ್. ಅಂದರೆ ಕಬ್ಬಿಣ ಕಟ್ಟಿ ಸುರಿದ ಕಾಂಕ್ರೀಟು. ಹೊಸ ಮನೆಯಲ್ಲಿ ಎಲ್ಲರೂ ಮೊದಲು ಮಾಡಲು ಹೊರಡುವ ಕೆಲಸವೇ ಮನೆಯ ಅತಿ ಗಟ್ಟಿ ಜಾಗದಲ್ಲಿರುತ್ತೆ, ನೋಡಿ. ನಾನೂ ಇದೇ ತಪ್ಪು ಮಾಡಿದವನು. 500 ವ್ಯಾಟಿನ ಹೊಸ ಡ್ರಿಲ್ ತಂದು ಹಾಲಿನ ಗೋಡೆಗೆ ಸರಾಗವಾಗಿ ನಾಲ್ಕು ತೂತು ಹಾಕಿ, ಖುಷಿಯಲ್ಲಿ ಸ್ಟೂಲ್ ಹತ್ತಿ ಕಿಟಕಿ ಮೇಲೆ ಇಟ್ಟೆ. ಪ್ಲಾಸ್ಟರ್ ಬೆಣ್ಣೆಯ ಹಾಗೆ ಹೋಯಿತು. ಆಮೇಲೆ ಸದ್ದು ಬದಲಾಯಿತು. ಹತ್ತು ನಿಮಿಷ ಮೈಭಾರವೆಲ್ಲ ಹಾಕಿ ಒತ್ತಿದರೂ ಒಂದು ಸೆಂಟಿಮೀಟರ್ ಇಳಿಯಲಿಲ್ಲ. ಬಿಟ್, ಅಂದರೆ ತೂತು ಕೊರೆಯುವ ಕಡ್ಡಿ, ಹೊರಗೆ ತೆಗೆದರೆ ತುದಿ ನೀಲಿ ಬಣ್ಣಕ್ಕೆ ತಿರುಗಿತ್ತು. ಮಷೀನ್ ಕೆಟ್ಟದ್ದಲ್ಲ. ಅದು ಆ ಕೆಲಸದ್ದೇ ಅಲ್ಲ.

ಅಂಗಡಿಯಲ್ಲಿ ಹ್ಯಾಮರ್ ಡ್ರಿಲ್ ಅಂತ ಕೇಳಿದರೆ ಎರಡು ಬೇರೆ ಬೇರೆ ಸಾಮಾನು ತೋರಿಸುತ್ತಾರೆ. ಒಂದು ಇಂಪ್ಯಾಕ್ಟ್ ಡ್ರಿಲ್. ಮುಂದೆ ಬಿಟ್ ಹಿಡಿದುಕೊಳ್ಳಲು, ಕೀ ಹಾಕಿ ತಿರುಗಿಸುವ 13 ಎಂಎಂ ಚಕ್ ಇರುತ್ತೆ. ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತಾ ಕಟಕಟ ಅನ್ನುತ್ತವೆ. ಬಾಕ್ಸಿನ ಮೇಲೆ ನಿಮಿಷಕ್ಕೆ 40,000ಕ್ಕೂ ಜಾಸ್ತಿ ಏಟು ಅಂತ ಬರೆದಿರುತ್ತೆ. ನಿಜವೇ, ಆದರೆ ಒಂದೊಂದು ಏಟೂ ಬೆರಳಗೆಣ್ಣಿನಿಂದ ಬಾಗಿಲು ತಟ್ಟಿದಷ್ಟೇ. ನೀವು ಒತ್ತಿದಷ್ಟೂ ಅದು ಬಡಿಯುತ್ತೆ, ಒತ್ತದಿದ್ದರೆ ಸುಮ್ನೆ ತಿರುಗುತ್ತೆ.

ಇನ್ನೊಂದು ರೋಟರಿ ಹ್ಯಾಮರ್. ಸೈಟಿನಲ್ಲಿ ಕೆಲವರು ಯಾವ ಕಂಪನಿಯದ್ದಾದರೂ ಇದಕ್ಕೆ ‘ಹಿಲ್ಟಿ’ ಅಂತಲೇ ಹೇಳುತ್ತಾರೆ. ಇದರೊಳಗೆ ಸೈಕಲ್ ಪಂಪಿನ ಹಾಗೆ ಒಂದು ಪಿಸ್ಟನ್ ಇದೆ. ಅದು ಗಾಳಿಯನ್ನು ಒತ್ತಿ, ಆ ಗಾಳಿಯಿಂದ ಒಂದು ಗುಂಡನ್ನು ಬಿಟ್ಟಿನ ಹಿಂಭಾಗಕ್ಕೆ ಹೊಡೆಸುತ್ತೆ. ಏಟು ನಿಮಿಷಕ್ಕೆ ನಾಲ್ಕೈದು ಸಾವಿರ ಮಾತ್ರ. ಆದರೆ ಸಣ್ಣ ಮಷೀನಿನಲ್ಲೂ ಒಂದೊಂದು ಏಟು ಸುಮಾರು 2 ಜೌಲ್. ಅಂದರೆ ಒಂದು ಕೆಜಿ ಸುತ್ತಿಗೆಯನ್ನು ಗೇಣೆತ್ತರದಿಂದ ಬಿಟ್ಟ ಹಾಗೆ, ಅದೂ ಸೆಕೆಂಡಿಗೆ ಎಪ್ಪತ್ತು ಸಲ. ಕಾಂಕ್ರೀಟಿನ ಜಲ್ಲಿ ಪುಡಿಯಾಗುವುದು ಇದಕ್ಕೆ. ನೀವು ಬರೀ ನೇರ ಹಿಡಿದುಕೊಂಡರೆ ಸಾಕು. ಜೋರಾಗಿ ಒತ್ತಿದರೆ ಕೆಲಸ ನಿಧಾನವಾಗುತ್ತೆ, ಬೇಗ ಆಗಲ್ಲ.

ಹಾಗಾಗಿ ವ್ಯಾಟ್ ನೋಡಿ ಮೋಸ ಹೋಗಬೇಡಿ. 850 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ಲಿಗಿಂತ 600 ವ್ಯಾಟಿನ ರೋಟರಿ ಹ್ಯಾಮರ್ ಲಿಂಟಲ್‌ನಲ್ಲಿ ಎಷ್ಟೋ ಪಾಲು ಬೇಗ ಇಳಿಯುತ್ತೆ. ರೋಟರಿ ಹ್ಯಾಮರ್ ತಗೊಳ್ಳುವಾಗ ಬಾಕ್ಸಿನ ಮೇಲೆ ನೋಡಬೇಕಾದದ್ದು ಜೌಲ್. ಮನೆ ಕೆಲಸಕ್ಕೆ 2 ಜೌಲ್ ಆಸುಪಾಸು ಧಾರಾಳ.

ಈಗ ನಿಮ್ಮ ಗೋಡೆ. ತಿಳಿದುಕೊಳ್ಳುವುದು ಸುಲಭ. ಮರೆಯಾದ ಜಾಗದಲ್ಲಿ ಒಂದು ಸಣ್ಣ ತೂತು ಹಾಕಿ, ಕೆಳಗೆ ಬಿಳಿ ಕಾಗದ ಹಿಡಿಯಿರಿ. ಮೊದಲು ಪ್ಲಾಸ್ಟರಿನ ಬೂದು ಪುಡಿ ಬರುತ್ತೆ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ, ನಮ್ಮ ಕರಾವಳಿಯಾದರೆ ಕೆಂಪುಕಲ್ಲು. ಬಿಳಿ, ಹಗುರ ಪುಡಿಯಾಗಿ ಬಿಟ್ ತಾನಾಗೇ ಒಳಗೆ ಹೋದರೆ ಎಎಸಿ ಬ್ಲಾಕು, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕು. ಅದಕ್ಕೆ ಹ್ಯಾಮರ್ ಬೇಡವೇ ಬೇಡ, ಬರೀ ಡ್ರಿಲ್ ಮೋಡ್ ಸಾಕು. ಹ್ಯಾಮರ್ ಹಾಕಿದರೆ ತೂತು ಅಗಲವಾಗಿ, ಸ್ಕ್ರೂ ಹಿಡಿಯುವ ಪ್ಲಗ್ ಸಡಿಲವಾಗುತ್ತೆ. ಬೂದು ಪುಡಿಯೇ ಬರುತ್ತಿದ್ದು ನಿಧಾನಕ್ಕಾದರೂ ಇಳಿಯುತ್ತಿದ್ದರೆ ಸಾಲಿಡ್ ಬ್ಲಾಕು. ಇಳಿಯುವುದೇ ಇಲ್ಲ ಅಂದರೆ ಕಾಂಕ್ರೀಟು. ಈಚೆಗೆ ಕೆಲವು ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಅಂಥ ಮನೆ ನಿಮ್ಮದಾದರೆ ಇಂಪ್ಯಾಕ್ಟ್ ಡ್ರಿಲ್ ಆಸೆ ಬಿಟ್ಟುಬಿಡಿ.

ಮೂರು ಸಾವಿರದ ಒಳಗೆ ಹೆಸರಿರುವ ಕಂಪನಿಯ 500ರಿಂದ 600 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್ ಸಿಗುತ್ತೆ. ಇಟ್ಟಿಗೆ, ಬ್ಲಾಕು, ಮರ, ಕಬ್ಬಿಣ ಎಲ್ಲಕ್ಕೂ ಆಗುತ್ತೆ. ಟ್ರಿಗರ್ ಒತ್ತಿದಷ್ಟಕ್ಕೆ ತಕ್ಕಂತೆ ವೇಗ ಬದಲಾಗುವುದನ್ನೇ ತಗೊಳ್ಳಿ. ಟೈಲ್ಸ್ ಮೇಲೆ ಹ್ಯಾಮರ್ ಆಫ್ ಮಾಡಿ ನಿಧಾನಕ್ಕೆ ಶುರು ಮಾಡಲು ಅದು ಬೇಕೇ ಬೇಕು. ಒಳ್ಳೆಯ ರೋಟರಿ ಹ್ಯಾಮರಿಗೆ ಇದರ ಎರಡು ಪಟ್ಟಾದರೂ ಕೊಡಬೇಕು. ಮೂರು ನಾಲ್ಕು ಸಾವಿರಕ್ಕೆ ಹೆಸರೇ ಕೇಳಿರದ ಕಂಪನಿಯ, 26 ಎಂಎಂ ತೂತಿನವರೆಗೆ ಹಾಕುವ ರೋಟರಿ ಹ್ಯಾಮರ್ ಕೂಡ ಸಿಗುತ್ತೆ, ತೂತೂ ಹಾಕುತ್ತೆ. ಆದರೆ ಕೊಳ್ಳುವ ಮೊದಲು ಕೈಯಲ್ಲಿ ಎತ್ತಿ, ತಲೆ ಮೇಲೆ ಎರಡು ನಿಮಿಷ ಹಿಡಿದು ನೋಡಿ. ಭಾರ ಅಲ್ವಾ? ಎರಡು ಕೆಜಿ ಚಿಲ್ಲರೆ ತೂಕದ ಮಷೀನ್ ಮನೆಗೆ ಸರಿ. ಜೊತೆಗೆ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಇದರ ಕಾರ್ಬನ್ ಬ್ರಷ್ (ಮೋಟಾರಿನೊಳಗೆ ಸವೆಯುವ ತುಂಡು) ನಿಮ್ಮಲ್ಲಿ ಸಿಗುತ್ತಾ? ಸೇಫ್ಟಿ ಕ್ಲಚ್ ಇದೆಯಾ? ಬಿಟ್ ಒಳಗಿನ ಕಂಬಿಗೆ ಸಿಕ್ಕಿಕೊಂಡಾಗ ಕ್ಲಚ್ ಇಲ್ಲದಿದ್ದರೆ ಮಷೀನೇ ತಿರುಗಿ ಮಣಿಕಟ್ಟು ತಿರುಚುತ್ತೆ. ಸ್ಟೂಲ್ ಮೇಲೆ ನಿಂತಾಗ ಅದು ತಮಾಷೆಯಲ್ಲ.

ಬಿಟ್‌ಗಳೂ ಬೇರೆ. ರೋಟರಿ ಹ್ಯಾಮರಿಗೆ ಎಸ್‌ಡಿಎಸ್ ಪ್ಲಸ್ ಬಿಟ್ ಬೇಕು, ಹಿಂಬದಿಯಲ್ಲಿ ಉದ್ದಕ್ಕೆ ಗೀರು ಕೊರೆದಿರುತ್ತೆ. ಸಿಕ್ಕಿಸಿದ ಮೇಲೆ ಅದು ಸ್ವಲ್ಪ ಹಿಂದೆ ಮುಂದೆ ಆಡುತ್ತೆ. ಮಷೀನ್ ಸಡಿಲ ಅಂತ ವಾಪಸ್ ಕೊಡಬೇಡಿ, ಅದು ಇರಬೇಕಾದದ್ದೇ ಹಾಗೆ. ಹಿಂಬದಿಗೆ ಒಂಚೂರು ಗ್ರೀಸ್ ಹಚ್ಚಿ. ನೂರು ರೂಪಾಯಿಗೆ ಹತ್ತು ಬಿಟ್ ಕೊಡುವ ಸೆಟ್ ಬೇಡ. 6 ಮತ್ತು 8 ಎಂಎಂ ಒಳ್ಳೆಯವು ಒಂದೊಂದಿದ್ದರೆ ಮನೆಯ ಮುಕ್ಕಾಲು ಕೆಲಸ ಮುಗಿಯುತ್ತೆ.

ಇನ್ನು ನಿಮ್ಮ ಪಟ್ಟಿ. ಶೆಲ್ಫಿಗೆ ಇಂಪ್ಯಾಕ್ಟ್ ಡ್ರಿಲ್ ಸಾಕು. ಕಿಟಕಿಗಳು ಆರೇಳು ಇದ್ದು, ಜೊತೆಗೆ ಸೀಲಿಂಗ್ ಕೆಲಸವೂ ಇದ್ದರೆ ಒಟ್ಟು ಮೂವತ್ತು ತೂತಿನ ಹತ್ತಿರ ಆಗುತ್ತೆ. ಆದರೆ ಅವು ಒಂದೇ ಸಲದ ಕೆಲಸ. ನಾನಾದರೆ ಮೂರು ಸಾವಿರದಲ್ಲಿ ಇಂಪ್ಯಾಕ್ಟ್ ಡ್ರಿಲ್ ಕೊಂಡು, ಒಂದು ಭಾನುವಾರಕ್ಕೆ ರೋಟರಿ ಹ್ಯಾಮರ್ ಬಾಡಿಗೆ ತಂದು ಲಿಂಟಲ್, ಸೀಲಿಂಗ್ ಎಲ್ಲ ಒಟ್ಟಿಗೆ ಮುಗಿಸುತ್ತೇನೆ. ಸೀಲಿಂಗಿನಲ್ಲಿ ಮಾತ್ರ ಹುಷಾರು. ಕಂಬಿಯ ಕೆಳಗೆ ಕಾಂಕ್ರೀಟ್ ಇರುವುದು ಸಾಮಾನ್ಯವಾಗಿ 20 ಎಂಎಂ ಅಷ್ಟೇ, ಬೇಗ ತಗಲುತ್ತೆ. ಟಣ್ ಅಂದು ಬಿಟ್ ನಿಂತರೆ ಹಟ ಮಾಡದೆ ಒಂದಿಂಚು ಪಕ್ಕಕ್ಕೆ ಸರಿಯಿರಿ. ಫ್ಯಾನಿನ ಮತ್ತು ಸ್ವಿಚ್ ಬೋರ್ಡಿನ ನೇರಕ್ಕೆ ವೈರಿನ ಪೈಪ್ ಹೋಗಿರುತ್ತೆ, ಆ ಗೆರೆ ಬಿಟ್ಟು ಹಾಕಿ. ಕಣ್ಣಿಗೆ ಕನ್ನಡಕ ಇರಲಿ, ಮೇಲೆ ನೋಡುತ್ತಾ ತೂತು ಹಾಕಿದರೆ ಪುಡಿಯೆಲ್ಲ ಮುಖದ ಮೇಲೇ. ಒಂದು ಹಳೆಯ ಪ್ಲಾಸ್ಟಿಕ್ ಲೋಟದ ತಳಕ್ಕೆ ತೂತು ಮಾಡಿ ಬಿಟ್ಟಿಗೆ ಪೋಣಿಸಿಕೊಂಡರೆ ಅರ್ಧ ಪುಡಿ ಅದರಲ್ಲೇ ನಿಲ್ಲುತ್ತೆ.